ಪದಚರ್ಚೆ: ‘ಧುರಂಧರರ ಭಾವಚಿತ್ರ’ ಎಂದರೆ ಯಾರ ಚಿತ್ರ?

ಪ್ರಶ್ನೆ (ಮಾಟುಂಗಾ, ಮುಂಬಯಿ):

ಎಲ್ಲರಿಗೂ ನಮಸ್ಕಾರ. ಕಾಲಾ ಘೋಡಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ನೋಡಲು ಹೋಗುವ ಕನ್ನಡ ತಂಡಕ್ಕೆ ಎರಡು ಪುಟದ ಪರಿಚಯ ಪತ್ರ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಪೋರ್ಟ್ರೇಟ್’ ಒಂದು ಕಡೆ ಭಾವಚಿತ್ರ, ಇನ್ನೊಂದು ಕಡೆ ವ್ಯಕ್ತಿಚಿತ್ರ, ಮತ್ತೊಂದು ಕಡೆ ಮುಖಚಿತ್ರ ಆಗಿದೆ. ಕುಂಚದ್ದಕ್ಕೂ ಕ್ಯಾಮೆರಾದ್ದಕ್ಕೂ ಒಂದೇ ಪದ ಸಾಕೆ? ಹಳೆಯ ಫೋಟೊ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದಕ್ಕೆ ಏನನ್ನಬೇಕು?

ಉತ್ತರ (ಡೊಂಬಿವಲಿ):

ಭಾವಚಿತ್ರ ಸಾಕು. ಅರ್ಜಿಗೆ ಅಂಟಿಸುವ ‘ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ’ ಫೋಟೊ. ಸಭಾಭವನದ ಗೋಡೆಯ ತೈಲಚಿತ್ರವೂ ಭಾವಚಿತ್ರವೇ. ಮುಖಚಿತ್ರ ಎಂದರೆ ವಾರಪತ್ರಿಕೆಯ ಮುಖಪುಟ ಕಣ್ಣಮುಂದೆ ಬರುತ್ತದೆ. ಕರಾವಳಿಯ ಹಿರಿಯರ ‘ಪಟ’ ಚೆಂದದ ಮಾತು, ಆದರೆ ದೇವರ ಪಟ, ಗಾಳಿಪಟ ಎಲ್ಲವೂ ಅದರೊಳಗೇ ಇವೆ. (ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಟ್ಟು ತೆಗೆಯುತ್ತಿದ್ದ 19ನೇ ಶತಮಾನದ ಫೋಟೊಗಳಲ್ಲಿ ‘ಭಾವ’ ಎಲ್ಲಿಂದ ಬರಬೇಕು ಎಂಬ ತಕರಾರು ಬೇರೆ.)

ನಿಜವಾದ ತೊಡಕು ಷಷ್ಠಿ ವಿಭಕ್ತಿಯದ್ದು. ‘ಧುರಂಧರರ ಭಾವಚಿತ್ರ’ ಎಂದರೆ ಚಿತ್ರಕಾರ ಎಂ.ವಿ. ಧುರಂಧರ್ ಬರೆದದ್ದೋ, ಅವರನ್ನೇ ಕೂರಿಸಿ ಬೇರೆಯವರು ಬರೆದದ್ದೋ? ಕನ್ನಡದಲ್ಲಿ ಇದಕ್ಕೆ ಮದ್ದು ಕ್ರಿಯಾಪದ. ಚಿತ್ರ ಬರೆಯುತ್ತೇವೆ, ಫೋಟೊ ತೆಗೆಯುತ್ತೇವೆ. ‘ಧುರಂಧರ್ ಬರೆದ’, ‘ದೀನ್ ದಯಾಳ್ ತೆಗೆದ’ ಎಂದ ಕೂಡಲೇ ಯಾರು, ಯಾವುದರಿಂದ ಎಂಬುದು ಎರಡೂ ತಿಳಿಯುತ್ತದೆ. ಆದರೆ ಫೋಟೊ ಅಂಟಿಸಿದ ರಟ್ಟಿನ ಮೇಲೆ ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್’ ಎಂದು ಅಚ್ಚಾಗಿದ್ದರೆ ‘ತೆಗೆದ’ ಬೇಡ, ‘ಸ್ಟುಡಿಯೊದ ಫೋಟೊ’ ಎನ್ನಿ. ಅವರ ಮುಂಬಯಿ ಸ್ಟುಡಿಯೊ 1896ರಲ್ಲಿ ಶುರುವಾದದ್ದು; ಕ್ಯಾಮೆರಾ ಹಿಂದೆ ನಿಂತವರು ನೌಕರರೂ ಇರಬಹುದು.

ಬಣ್ಣ ಹಚ್ಚಿದ್ದನ್ನು ‘ವರ್ಣ ಛಾಯಾಚಿತ್ರ’ ಎಂದರೆ ಕಲರ್ ಫಿಲ್ಮ್ ಎಂದುಕೊಳ್ಳುತ್ತಾರೆ. ಹೊಳಪು ನೋಡಿ ‘ತೈಲಚಿತ್ರ’ ಎಂದು ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಬಣ್ಣದ ಕೆಳಗಿರುವುದು ಯಾವ ಬಗೆಯ ಫೋಟೊ ಎಂದು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಲ್ಲಿ ಬಣ್ಣ ತೆಳುವಾಗಿರುವ ಜಾಗ ನೋಡಬೇಕು: ಉಗುರು, ಕತ್ತಿನ ನೆರಳು, ಚೌಕಟ್ಟಿನಡಿಯ ಅಂಚು. ಚಿತ್ರದ ಒಳಗಿಂದಲೇ ಕಾಗದದ ನಾರು ಕಂಡರೆ ಮೊಟ್ಟೆಯ ಬಿಳಿ ಲೇಪಿಸಿದ ಆಲ್ಬ್ಯುಮೆನ್ ಕಾಗದ ಇರಬೇಕು. ನುಣುಪಾದ ಬಿಳಿ ಪದರ ನಾರನ್ನು ಮುಚ್ಚಿದ್ದರೆ ಜೆಲಟಿನ್ ಮುದ್ರಣ ಇರಬಹುದು. ಆಲ್ಬ್ಯುಮೆನ್ ಹಳತಾದಂತೆ ಬೆಳಕಿನ ಭಾಗಗಳು ಹಳದಿಯಾಗುತ್ತವೆ. ಕೆನ್ನೆಯ ಆ ಹಳದಿಯನ್ನು ಕಲಾವಿದರ ಬಣ್ಣವೆಂದು ಬಗೆಯಬಾರದು. ಶೀರ್ಷಿಕೆಯ ಕೆಳಗೆ ಹೀಗಿದ್ದರೆ ಚೊಕ್ಕ:

ಕುಳಿತ ಪಾರ್ಸಿ ಮಹಿಳೆ
ಆಲ್ಬ್ಯುಮೆನ್ ಫೋಟೊ, ಮೇಲೆ ಕೈಯಿಂದ ಹಚ್ಚಿದ ಜಲವರ್ಣ

ಮೊದಲು ಯಾರ ಹೆಸರು ಎಂಬುದು ಸಂಗ್ರಹಕ್ಕೆ ತಕ್ಕಂತೆ. 1856ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ಆರಿಸುವಾಗ ಕಲಾವಿದರ ಕೈಚಳಕಕ್ಕಿಂತ ಚಿತ್ರದಲ್ಲಿರುವವರ ಖ್ಯಾತಿಯನ್ನೇ ಮುಂದಿಟ್ಟಿತು. ಕಾಲಾ ಘೋಡಾದ್ದು ಕಲಾ ಸಂಗ್ರಹ. ಇಲ್ಲಿ ಕಲಾವಿದರ ಹೆಸರು ಮೊದಲಿರಲಿ.

ಇನ್ನೊಂದು ಉತ್ತರ (ಪುಣೆ):

ವ್ಯಕ್ತಿಚಿತ್ರ ಮರಾಠಿಯಿಂದ ನುಸುಳಿರಬೇಕು. ಅಲ್ಲಿ ಅದು ಬರಹಕ್ಕೂ ಆಗುತ್ತದೆ, ಕ್ಯಾನ್ವಾಸಿಗೂ ಆಗುತ್ತದೆ. ಕನ್ನಡದ ಓದುಗರಿಗೆ ವ್ಯಕ್ತಿಚಿತ್ರ ಎಂದರೆ ಗದ್ಯ ಲೇಖನ. ಮತ್ತೆ, ಮುದ್ರಕರಿಗೆ ಕೊಡುವ ಚೀಟಿಯಲ್ಲಿ ಹಾಳೆ ‘ಪೋರ್ಟ್ರೇಟ್’ ಇರಲಿ ಎಂದಿದ್ದರೆ ಅದನ್ನೂ ಭಾವಚಿತ್ರ ಮಾಡಿಬಿಡಬೇಡಿ. ‘ಉದ್ದಕ್ಕೆ’ ಎಂದರೆ ಅವರಿಗೆ ತಿಳಿಯುತ್ತದೆ.