ಪ್ರತಿ ವರ್ಷ ಕುಟುಂಬ ಸಮ್ಮಿಲನ: ಕರೆಯೋದು ಹೇಗೆ, ವಂಶವೃಕ್ಷ ಹಂಚೋದು ಹೇಗೆ? ಮಾಡಿ ನೋಡಿದವರು ಹೇಳಿ

ಹಿರೇಕೆರೂರಿನ ಮೊಮ್ಮಗ: ನಮ್ಮ ಮುತ್ತಜ್ಜನ ಕಡೆಯವರು ಸುಮಾರು 120 ಜನ. ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿ ಇದ್ದಾರೆ. ವರ್ಷಕ್ಕೊಮ್ಮೆ ಸೇರಬೇಕು, ವಂಶವೃಕ್ಷ ಎಲ್ಲರ ಕೈಗೂ ಸಿಗಬೇಕು ಅಂತ ಆಸೆ. ವಾಟ್ಸಾಪ್‌ನಲ್ಲಿ ಕರೆದರೆ ಸಾಕಾ? ಮೇ ತಿಂಗಳೋ, ದಸರಾ ರಜೆಯೋ?

ಹಿನ್ನೀರು ಮನೆ: ವಾಟ್ಸಾಪ್ ಬೇಡ. ನಾನು ಕೈ ಸುಟ್ಟುಕೊಂಡವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮ ಊರು ಮುಳುಗಿತು. ಐವರು ಅಣ್ಣತಮ್ಮಂದಿರು ಐದು ಕಡೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳನ್ನು ಸೇರಿಸೋಕೆ ಮೊದಲ ವರ್ಷ ಗ್ರೂಪ್ ಮಾಡಿ ಕರೆದೆ. 210 ಜನ ಬರ್ತೀವಿ ಅಂತ ಹೆಬ್ಬೆರಳು ಎತ್ತಿದರು. ಬಂದವರು 134. ಎಲೆಗೆ 240 ರೂಪಾಯಿ ಮಾತಾಡಿದ್ದೆ. ಅಡುಗೆಯವರು 210 ಎಲೆಯ ದುಡ್ಡನ್ನೇ ತೆಗೆದುಕೊಂಡರು, 50,400. ಉಣ್ಣದ ಎಲೆಗಳಿಗೇ 18,240 ಹೋಯಿತು. ಛತ್ರದ ಬಾಡಿಗೆ 22,000, ಕರೆಂಟು ಬೇರೆ.

ದೊಡ್ಡಪ್ಪ ಬರಲೇ ಇಲ್ಲ. "ಮನೆ ಬಾಗಿಲಿಗೆ ಬಂದು ಕರೆಯದವನ ಊಟ ನನಗೆ ಬೇಡ" ಅಂದರು. ಮರುವರ್ಷ ಕುಂಕುಮ, ಅಕ್ಷತೆ ಹಿಡಿದು ಹೆಂಡತಿ ಜೊತೆ 41 ಮನೆ ಸುತ್ತಿದೆ. ಹನ್ನೊಂದು ದಿನ ಬೇಕಾಯಿತು, ಪೆಟ್ರೋಲಿಗೇ 9,400. ಆ ಸಲ ಒಂದು ಎಲೆಯೂ ಉಳಿಯಲಿಲ್ಲ. ನಾವು ಮಾಡೋದು ಮೇ ತಿಂಗಳಲ್ಲೇ. ನೀರು ತುಂಬಾ ಇಳಿದ ವರ್ಷ ಹಿನ್ನೀರಿನಲ್ಲಿ ಮುಳುಗಿರೋ ಹಳೇ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತೆ. ನಮ್ಮ ಅಂಗಳ ಇದ್ದ ದಿಕ್ಕನ್ನು ಮಕ್ಕಳಿಗೆ ತೋರಿಸಬಹುದು.

ಮೂರನೇ ಮಗಳು: ಕರೆಯೋದಕ್ಕಿಂತ ಪಟ್ಟಿಯಲ್ಲಿ ಜಾಸ್ತಿ ಪೆಟ್ಟು ಬೀಳುತ್ತೆ. ನಮ್ಮ ಚಿಕ್ಕಪ್ಪಂದಿರು 20 ಅಡಿ ಫ್ಲೆಕ್ಸ್ ಮಾಡಿಸಿ ಛತ್ರದ ಗೋಡೆಗೆ ಕಟ್ಟಿದ್ದರು. ಗಂಡುಮಕ್ಕಳ ಹೆಸರಿಗೆಲ್ಲ ಹಸಿರು ಎಲೆ. ಹೆಣ್ಣುಮಕ್ಕಳಿಗೆ ಬರೀ "ಹೆ-3", "ಹೆ-5" ಅಂತ ಎಷ್ಟು ಜನ ಅನ್ನೋ ಲೆಕ್ಕ. ನಮ್ಮ ಸೋದರತ್ತೆಗೆ 78 ವರ್ಷ. ಕನ್ನಡಕ ಒರೆಸಿಕೊಂಡು, ತೋರುಬೆರಳನ್ನು ಫ್ಲೆಕ್ಸ್ ಮೇಲೆ ಎಳೆಯುತ್ತಾ ತನ್ನ ಹೆಸರು ಹುಡುಕಿದರು. ಅಜ್ಜನ ಹೆಸರಿನ ಕೆಳಗೆ ಬೆರಳು ನಿಂತಿತು. "ಈ ಮೂರರಲ್ಲಿ ನಾನು ಎಷ್ಟನೆಯವಳು?" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ನಾನೇ ಮನೆಮನೆಗೆ ಹೋಗಿ ಹೊಸ ಪಟ್ಟಿ ಮಾಡಿದೆ. ಎರಡು ವರ್ಷ ಹಿಡಿಯಿತು. ಒಂದು ಮಾತು ನೆನಪಿಡಿ: "ವಂಶವೃಕ್ಷ" ಅನ್ನಬೇಡಿ. ಆ ಪದ ಕೇಳಿದರೆ ಜನರಿಗೆ ನಾಡಕಚೇರಿ, ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡೋದು), ಪಹಣಿ ನೆನಪಾಗುತ್ತೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅನ್ನೋ 2005ರ ತಿದ್ದುಪಡಿ ಆದಮೇಲಂತೂ ಹೆಣ್ಣುಮಗಳು ಪಟ್ಟಿ ಹಿಡಿದು ಬಂದರೆ ಪಾಲು ಕೇಳೋಕೇ ಬಂದಳು ಅಂದುಕೊಳ್ತಾರೆ. ನನ್ನ ದೊಡ್ಡಪ್ಪನ ಮಗ "ಪಾಲು ಕೇಳಲ್ಲ ಅಂತ ಮೊದಲು ಬರೆದುಕೊಡು, ಆಮೇಲೆ ಅಪ್ಪನ ಹುಟ್ಟಿದ ವರ್ಷ ಹೇಳ್ತೀನಿ" ಅಂದ. ಅವನ ಮನೆಯಲ್ಲಿ ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಹಿನ್ನೀರು ಮನೆ: ಅಕ್ಕ, ಬೇಜಾರಾಗಬೇಡಿ. ಕೊಟ್ಟ ಹೆಣ್ಣುಮಕ್ಕಳು ಗಂಡನ ಮನೆಯ ಪಟ್ಟಿಯಲ್ಲಿ ಇರುತ್ತಾರೆ ಅಲ್ವಾ? ದಾಯಾದಿ ಪಟ್ಟಿ ಇರೋದು ಸೂತಕಕ್ಕೆ. ನಮಗೆ ಹತ್ತು ದಿನ, ಕೊಟ್ಟ ಮಗಳಿಗೆ ಮೂರು ದಿನ. ಲೆಕ್ಕ ತಪ್ಪಬಾರದು ಅಂತ ಹಿರಿಯರು ಹಾಗೆ ಮಾಡಿದ್ದು.

ಮೂರನೇ ಮಗಳು: ಗಂಡನ ಮನೆ ಪಟ್ಟಿಯಲ್ಲಿ ನಾನು "ಪತ್ನಿ". ತವರಿನಲ್ಲಿ ನಂಬರು. ಹೆಸರು ಎಲ್ಲಿ ಬರೀಬೇಕು ಹೇಳಿ. ಸೂತಕದ ಲೆಕ್ಕಕ್ಕೆ ಬೇರೆ ಪುಸ್ತಕ ಇಟ್ಟುಕೊಳ್ಳಿ. ಊಟಕ್ಕೆ ಕರೆದು ಗೋಡೆ ಮೇಲೆ ಅವಮಾನ ಮಾಡಬೇಡಿ.

ಬಂಟ್ವಾಳದ ಸೊಸೆ: ಈ ಜಗಳ ನಮ್ಮಲ್ಲಿ ಇಲ್ಲ. ಅಳಿಯಸಂತಾನ. ಬಳಿ, ಅಂದರೆ ಗೋತ್ರದ ಹಾಗೆ ಇರೋದು, ಬರೋದು ತಾಯಿಯಿಂದ, ಪಟ್ಟಿ ಶುರುವಾಗೋದೇ ಅಜ್ಜಿಯಿಂದ. ಗಂಡುಮಕ್ಕಳ ಹೆಸರು ಇರುತ್ತೆ, ಅವರ ಮಕ್ಕಳ ಹೆಸರು ಇರಲ್ಲ. ಕುಟುಂಬದ ಮನೆಯಲ್ಲಿ ನಾಗನಿಗೆ ತಂಬಿಲ ಸೇವೆ ಕೊಡುವ ದಿನ ಎಲ್ಲರೂ ಸೇರುತ್ತೇವೆ. ನಮ್ಮ ತಲೆನೋವು ಬೇರೆ, ಮನೆಯ ಮಾಡು. ಹೆಂಚು, ಪಕ್ಕಾಸು ಬದಲಿಸೋಕೆ ಆರೂವರೆ ಲಕ್ಷ ಆಯಿತು. ತಲೆಗೆ ಇಷ್ಟು ಅಂತ ಹಾಕಿದರೆ ದೊಡ್ಡ ಕವರಿನವರು (ಕುಟುಂಬದ ಒಂದು ಕವಲಿಗೆ ಕವರು ಅಂತೀವಿ) ಕೂಗಾಡಿದರು. ಕವರಿಗೆ ಇಷ್ಟು ಅಂದರೆ ಸಣ್ಣ ಕವರಿನವರು. ಮುಂಬೈಯಲ್ಲಿ ಹೋಟೆಲು ಇರುವ ಮಾವ ಒಬ್ಬರೇ ಎರಡು ಲಕ್ಷ ಹಾಕಿದರು. ಈಗ ಗೋಡೆಗೆ ಅವರ ಹೆಸರಿನ ಕಲ್ಲು ಬೇಕಂತೆ. ಅಲ್ಲಿಂದ ಮಾತು ಬಿಟ್ಟಿದ್ದೇವೆ.

ಹಿನ್ನೀರು ಮನೆ: ಅಂದರೆ ಗಂಡುಮಕ್ಕಳ ಮಕ್ಕಳು ನಿಮ್ಮಲ್ಲಿ ಲೆಕ್ಕಕ್ಕಿಲ್ಲ. ಅದು ಸರಿ, ನಮ್ಮದು ತಪ್ಪಾ?

ಬಂಟ್ವಾಳದ ಸೊಸೆ: ಸರಿ ಅಂತ ನಾನು ಎಲ್ಲಿ ಹೇಳಿದೆ? ನನ್ನ ಅಣ್ಣನ ಮಗಳು ನಾನು ಎತ್ತಿ ಬೆಳೆಸಿದ ಹುಡುಗಿ. ಅವಳ ಹೆಸರು ಪಟ್ಟಿಯಲ್ಲಿ ಇಲ್ಲ ಅಂತ ನನಗೂ ಸಂಕಟ ಇದೆ.

ಗೋಕಾಕ ಸೀಮೆ: ಮನೆಮನೆಗೆ ಬಂದು ವಂಶದ ಹೆಸರು ಹೇಳುವ ಹೆಳವರನ್ನು ನೀವೆಲ್ಲ ಮರೆತಿರಿ. ನಮ್ಮ ಮನೆಗೆ ಸುಗ್ಗಿ ಮುಗಿದ ಮೇಲೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬರುತ್ತಾರೆ. ಕಟ್ಟೆ ಮೇಲೆ ಕೂತು ಒಂಬತ್ತು ತಲೆಮಾರಿನ ಹೆಸರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂಲ ಊರು ಯಾವುದು, ಯಾವ ಬರಗಾಲದಲ್ಲಿ ಬಿಟ್ಟು ಬಂದಿರಿ, ಎಲ್ಲಾ. ಹೋದ ಸಲ ಒಂದು ಚೀಲ ಜೋಳ, 5,000 ರೂಪಾಯಿ ಕೊಟ್ಟೆವು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು ಹೋದರು. ನಾನು ಪೂರ್ತಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಫೋನು ಬಾವಿಗೆ ಬಿತ್ತು. ಆ ವರ್ಷವೇ ಹೆಸರು ಹೇಳಿದ ಆ ಹೆಳವ ಮುದುಕಪ್ಪ ತೀರಿಕೊಂಡರು. ಅವರ ಮಗ ಈಗ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಹೆಸರು ಅವನಿಗೆ ಅರ್ಧ ಬರುತ್ತವೆ. ಅದೊಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಿನ್ನೀರು ಮನೆ: ಜೋಳ ಕೊಟ್ಟವರಿಗೆ ಖುಷಿಯಾಗೋ ಹಾಗೆ ಹೇಳುತ್ತಾರೆ ಬಿಡಿ. ದಾಖಲೆ ಅಂದರೆ ದಾಖಲೆ.

ಗೋಕಾಕ ಸೀಮೆ: ಸಾರ್, ನಾಲಿಗೆ ಬಿಗಿ ಹಿಡಿದು ಮಾತಾಡಿ. ಅವರು ಹೇಳಿದ ನಾಲ್ಕು ಹೆಸರು ನಮ್ಮ ಹಳೇ ಹಕ್ಕುಪತ್ರದ ಜೊತೆ ಅಕ್ಷರ ಅಕ್ಷರ ಹೊಂದಿದವು. ನಿಮ್ಮ ಊರು ಮುಳುಗಿದಾಗ ನಿಮ್ಮ ಕಾಗದ ಎಷ್ಟು ಉಳಿದವು?

ಹಿನ್ನೀರು ಮನೆ: ಒಂದು ಟ್ರಂಕು. ಅದಕ್ಕೂ ಗೆದ್ದಲು ಹತ್ತಿತ್ತು. ಅದನ್ನು ಎತ್ತಿ ಆಡಬಾರದಿತ್ತು ನೀವು.

ಹಿರೇಕೆರೂರಿನ ಮೊಮ್ಮಗ: ಎಲ್ಲರಿಗೂ ಧನ್ಯವಾದ. ಮೇ ಅಥವಾ ದಸರಾ ಅಂತ ಒಬ್ಬರಾದರೂ ಹೇಳಿ.

ಗೋಕಾಕ ಸೀಮೆ: ಮೇ ಬೇಡವೇ ಬೇಡ. ನಮ್ಮ ಕಡೆಯ ಬಿಸಿಲಿಗೆ ಹಿರಿಯರನ್ನು ಬಸ್ಸು ಹತ್ತಿಸೋಕೆ ಆಗಲ್ಲ.

ಹಿನ್ನೀರು ಮನೆ: ಮೇ ಅಂತ ಮೊದಲೇ ಹೇಳಿದೆನಲ್ಲ!

ಮೂರನೇ ಮಗಳು: ನಿಮ್ಮ ಸೋದರತ್ತೆಯರನ್ನು ಕೇಳಿ. ಅವರಿಗೆ ಯಾವಾಗ ಬಿಡುವು ಇದೆಯೋ ಆವಾಗ ಮಾಡಿ. ದಿನ ಗೊತ್ತುಮಾಡಿ ಆಮೇಲೆ ಅವರಿಗೆ ತಿಳಿಸೋದಲ್ಲ.