ಪದಚರ್ಚೆ: ‘ರೀಅನಾಲಿಸಿಸ್’ಗೆ ‘ಮರುವಿಶ್ಲೇಷಣೆ’ ಸರಿಹೋಗುತ್ತದೆಯೇ?

ಗೆಳೆಯರೇ,

ಸಾಗರ ವಿಜ್ಞಾನದಲ್ಲಿ ‘ಓಷನ್ ರೀಅನಾಲಿಸಿಸ್’ ಅಂತ ಒಂದು ಮಾತಿದೆ. ಹಿಂದಿನ ವರ್ಷಗಳಲ್ಲಿ ಕಡಲು ಹೇಗಿತ್ತು ಅನ್ನೋದನ್ನು ಅಳತೆ ಮತ್ತು ಗಣಕ ಮಾದರಿ (ಕಡಲಿನ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸೂತ್ರಗಳ ಗುಂಪು) ಎರಡನ್ನೂ ಸೇರಿಸಿ ಕಂಡುಕೊಳ್ಳುವ ಕೆಲಸ ಅದು. ಇದಕ್ಕೆ ‘ಮರುವಿಶ್ಲೇಷಣೆ’ ಅಂತ ಬರೆದುಬಿಡಬಹುದು. ಆದರೆ ಆ ಪದ ಓದುಗರನ್ನು ಬೇರೆ ಕಡೆಗೆ ಒಯ್ಯುತ್ತದೆ ಅಂತ ನನಗೆ ಅನ್ನಿಸುತ್ತಿದೆ.

ಕಲಬುರಗಿಯ ಪಿಯು ಮಕ್ಕಳಿಗಾಗಿ ಮುಂಗಾರಿನ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ನಮಗೆ ಕಡಲು ದೂರ. ಆದರೆ ತೊಗರಿ ಬಿತ್ತಲು ಕಾಯುವ ಮಳೆ ಕಡಲಿನಿಂದಲೇ ಬರಬೇಕು. ಆ ಕಡಲಿನ ಲೆಕ್ಕ ಇಡುವ ಇನ್‌ಕಾಯ್ಸ್ ಸಂಸ್ಥೆ ಇರುವುದೂ ಪಕ್ಕದ ಹೈದರಾಬಾದ್‌ನಲ್ಲೇ. 1997ನ್ನು ನೋಡಿ. ಪೆಸಿಫಿಕ್ ಕಡಲು ಬಿಸಿಯಾಗಿ ನಮ್ಮ ಮುಂಗಾರನ್ನು ಸಾಮಾನ್ಯವಾಗಿ ಕುಗ್ಗಿಸುವ ಎಲ್ ನಿನೊ ಆಗ ತುಂಬ ಜೋರಾಗಿತ್ತು, ಆದರೂ ದೇಶದ ಮುಂಗಾರು ಮಳೆ ಸರಾಸರಿಗಿಂತ ಕಡಿಮೆ ಆಗಲಿಲ್ಲ. ಮುನ್ಸೂಚನೆ ಮಾದರಿಯೊಂದು ಆ ವರ್ಷವನ್ನು ಸರಿಯಾಗಿ ಹೇಳುತ್ತಿತ್ತೇ ಅಂತ ಈಗ ಪರೀಕ್ಷಿಸಬೇಕಾದರೆ, ಆ ವರ್ಷದ ಮೇ ತಿಂಗಳ ಕಡಲು ಮೇಲಿಂದ ಆಳದವರೆಗೆ ಹೇಗಿತ್ತು ಅಂತ ಗೊತ್ತಿರಬೇಕು. ಅದನ್ನು ಕೊಡುವುದು ರೀಅನಾಲಿಸಿಸ್.

ತರಗತಿಯಲ್ಲಿ ‘ಮರುವಿಶ್ಲೇಷಣೆ’ ಅಂದ ಕೂಡಲೇ ಒಬ್ಬ ಹುಡುಗಿ ಕೇಳಿದಳು: “ಮೊದಲಿಂದು ತಪ್ಪಾಗಿತ್ತೇನ್ರಿ ಸರ?” ಅವಳು ಕೇಳಿದ್ದು ಸಹಜವೇ. ಮರುಎಣಿಕೆ, ಮರುಮೌಲ್ಯಮಾಪನ ಎಲ್ಲ ನಡೆಯುವುದು ಮೊದಲಿನ ಫಲಿತಾಂಶದ ಮೇಲೆ ಅನುಮಾನ ಬಂದಾಗ ಅಲ್ವಾ?

ಇಲ್ಲಿ ಆ ಅರ್ಥವಿಲ್ಲ. ಹವಾಮಾನದವರ ಮಾತಿನಲ್ಲಿ ‘ಅನಾಲಿಸಿಸ್’ ಅಂದರೆ ಈ ಹೊತ್ತಿನ ಗಾಳಿ ಅಥವಾ ಕಡಲಿನ ಪೂರ್ತಿ ಚಿತ್ರ, ಅಂದಾಜುಗಳಲ್ಲೆಲ್ಲ ಒಳ್ಳೆಯ ಅಂದಾಜು. ಮುನ್ಸೂಚನೆ ಶುರುವಾಗುವುದೇ ಅಲ್ಲಿಂದ. ದಿನದ ಕೆಲಸದಲ್ಲಿ ಮಾದರಿಯನ್ನು ಆಗಾಗ ಬದಲಿಸುತ್ತಾರೆ. ಹಾಗಾಗಿ ಹಳೆಯ ಚಿತ್ರವನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ಅದಕ್ಕೇ ಒಂದೇ ಮಾದರಿ, ಒಂದೇ ವಿಧಾನ ಹಿಡಿದು ಹಿಂದಿನ ವರ್ಷಗಳನ್ನೆಲ್ಲ ಮೊದಲಿನಿಂದ ಲೆಕ್ಕ ಮಾಡಿಕೊಂಡು ಬರುತ್ತಾರೆ. ‘ರೀ’ ಬಂದದ್ದು ಇದಕ್ಕೆ.

ಇನ್ನೊಂದು ತೊಡಕಿದೆ. ‘ಶ್ಲೇಷ’ ಅಂದರೆ ಕೂಡಿಕೊಳ್ಳುವುದು. ‘ವಿಶ್ಲೇಷಣೆ’ ಅಂದರೆ ಕೂಡಿದ್ದನ್ನು ಬಿಡಿಸುವುದು. ಇಲ್ಲಿ ನಡೆಯುವುದು ಪೂರಾ ಉಲ್ಟಾ: ಚೆದುರಿದ ಅಳತೆಗಳನ್ನು ಒಂದು ಚಿತ್ರಕ್ಕೆ ಕೂಡಿಸುತ್ತಾರೆ. ಬಂಗಾಳ ಕೊಲ್ಲಿಯ ಒಂದು ಜಾಗದಲ್ಲಿ ಮಾದರಿ 29 ಡಿಗ್ರಿ ಹೇಳಿತು, ಅಲ್ಲಿದ್ದ ಯಂತ್ರ 28 ಅಳೆಯಿತು ಅನ್ನಿ. ಎರಡರಲ್ಲೂ ಎಷ್ಟೆಷ್ಟು ತಪ್ಪಿರಬಹುದು ಅಂತ ತೂಗಿ ನೋಡುತ್ತಾರೆ. ಜಾಸ್ತಿ ನಂಬಬಹುದಾದ ಕಡೆಗೆ ಉತ್ತರ ಸರಿಯುತ್ತದೆ. ಆ ತಿದ್ದುಪಡಿ ಸುತ್ತಲಿನ ನೀರಿಗೂ ಹರಡುತ್ತದೆ. ಆಮೇಲೆ ಮಾದರಿ ಮುಂದಿನ ದಿನಕ್ಕೆ ಹೋಗುತ್ತದೆ.

ಈ ತೂಗಿ ತಿದ್ದುವ ಕೆಲಸಕ್ಕೆ ‘ಡೇಟಾ ಅಸಿಮಿಲೇಷನ್’ ಅನ್ನುತ್ತಾರೆ. ‘ದತ್ತಾಂಶ ಸಮ್ಮಿಲನ’ ಬೇಡ, ಅದು ಹಳೆಯ ವಿದ್ಯಾರ್ಥಿಗಳು ಸೇರುವ ಕಾರ್ಯಕ್ರಮ ಅನ್ನಿಸುತ್ತದೆ. ‘ಬೆರೆಸುವಿಕೆ’ಯಲ್ಲಿ ತೂಗುವ ಅರ್ಥ ಇಲ್ಲ. ಸದ್ಯಕ್ಕೆ ‘ಅಳತೆ ಹೊಂದಿಸುವಿಕೆ’ ಅಂತ ಬರೆದಿದ್ದೇನೆ.

ಮುಖ್ಯ ಪದಕ್ಕೆ ‘ಪುನರ್ರಚನೆ’ಯನ್ನೂ ಯೋಚಿಸಿದೆ. ಪತ್ರಿಕೆ ಓದುವವರಿಗೆ ಅದು ಸಚಿವ ಸಂಪುಟದ ಮಾತು. ಅಲ್ಲದೆ ಹವಳ, ಮರದ ಉಂಗುರ ನೋಡಿ ಶತಮಾನಗಳ ಹಿಂದಿನ ಹವೆ ಹೇಳುವ ಕೆಲಸಕ್ಕೆ ಆ ಪದವನ್ನು ಉಳಿಸಿಕೊಳ್ಳಬೇಕು.

ನನ್ನ ಮನಸ್ಸು ‘ಮರುಚಿತ್ರಣ’ದ ಕಡೆಗಿದೆ. ಕ್ರಿಯಾಪದವಾಗಿ ‘ಕಟ್ಟಿಕೊಡು’ ನಮ್ಮಲ್ಲೇ ಇದೆ. ಕಾದಂಬರಿ ಒಂದು ಕಾಲವನ್ನು ಕಟ್ಟಿಕೊಡುತ್ತದೆ ಅನ್ನುತ್ತೇವಲ್ಲ, ಹಾಗೆಯೇ ‘1997ರ ಕಡಲನ್ನು ಕಟ್ಟಿಕೊಡುವ ಲೆಕ್ಕ’. ‘ಮರುಚಿತ್ರಣ’ದ ಮೇಲೆ ನನಗಿರುವ ಆತಂಕ ಒಂದೇ. ಚಿತ್ರ ಅಂದರೆ ಫೋಟೋ, ಅಂದರೆ ಕಂಡದ್ದೇ ಅಂತ ಮಕ್ಕಳು ತಿಳಿದುಬಿಟ್ಟರೆ? ಹಳೆಯ ವರ್ಷಗಳ ಮಟ್ಟಿಗೆ ಇದು ದೊಡ್ಡ ತಪ್ಪಾಗುತ್ತದೆ. ಮೊದಲು ಅಳತೆ ಸಿಗುತ್ತಿದ್ದದ್ದು ಹೆಚ್ಚಾಗಿ ಹಡಗುಗಳು ಓಡಾಡುವ ದಾರಿಯಲ್ಲಿ. ಕಡಲ ಮಟ್ಟ ಅಳೆಯುವ ಟೋಪೆಕ್ಸ್/ಪೊಸೈಡನ್ ಉಪಗ್ರಹ ಹಾರಿದ್ದು 1992ರಲ್ಲಿ. ಆರ್ಗೋ ತೇಲುಯಂತ್ರಗಳು ಬಂದದ್ದು 2000ದ ಆಸುಪಾಸು. ಅವು 2000 ಮೀಟರ್ ಆಳಕ್ಕೆ ಇಳಿದು, ಮೇಲೇರುತ್ತಾ ಬಿಸಿ ಮತ್ತು ಉಪ್ಪಿನಂಶ ಅಳೆಯುತ್ತವೆ, ಹತ್ತು ದಿನಕ್ಕೊಮ್ಮೆ. ಅಳತೆ ಕಡಿಮೆ ಇದ್ದ ವರ್ಷಗಳ ಆಳ ಕಡಲಿನ ಚಿತ್ರದಲ್ಲಿ ಮಾದರಿಯ ಪಾಲೇ ಜಾಸ್ತಿ. ಹೊಸ ಅಳತೆ ಸೇರಿದ ವರ್ಷ ಲೆಕ್ಕ ಸ್ವಲ್ಪ ಜಿಗಿಯಬಹುದು. ಅದು ಕಡಲೇ ಬದಲಾದಂತೆ ಕಾಣಬಹುದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

ಕೇಳುವುದು ಎರಡು. ‘ಮರುಚಿತ್ರಣ’ದಲ್ಲಿ ಲೆಕ್ಕದ ಅರ್ಥವೂ ಬರುವ ಹಾಗೆ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ? ಕರಾವಳಿಯವರು ‘ಅಳತೆ ಹೊಂದಿಸುವಿಕೆ’ಗೆ ಇನ್ನೂ ಬಳಕೆಯ ಮಾತು ಹೇಳಬಲ್ಲಿರಾ? ‘ಮರುವಿಶ್ಲೇಷಣೆ’ಯೇ ಇರಲಿ ಅನ್ನುವವರು ಅದನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ, ದಯವಿಟ್ಟು. ಓದಿದವರಿಗೆ ಹೇಗೆ ಕೇಳಿಸುತ್ತದೆ ಅಂತ ಅದರಿಂದ ತಿಳಿಯುತ್ತದೆ.