ನಾಲ್ಕು ಪರ್ಸೆಂಟ್ ಬೆಲೆ ಏರಿದ್ರೆ ಒಳ್ಳೇದಂತೆ, ಯಾರಿಗೆ?

ಹೊಲಿಗೆ ಲೆಕ್ಕ, ಬಳ್ಳಾರಿ

ನಾನು ಇಲ್ಲಿ ಒಂದು ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಲೆಕ್ಕ ಬರೆಯೋಳು. ಸಂಜೆ ಪಿಡಿಓ ಪರೀಕ್ಷೆ ಕೋಚಿಂಗ್‌ಗೆ ಹೋಗ್ತೀನಿ. ಮೊನ್ನೆ ಅರ್ಥಶಾಸ್ತ್ರದ ಸರ್, "ಹಣದುಬ್ಬರ ನಾಲ್ಕು ಪರ್ಸೆಂಟ್ ಇದ್ರೆ ಆರೋಗ್ಯ. ಆರು ದಾಟಿದ್ರೆ ತೊಂದರೆ, ಎರಡಕ್ಕಿಂತ ಇಳಿದ್ರೂ ತೊಂದರೆ" ಅಂದ್ರು. ಮನೇಲಿ ಹೇಳಿದ್ರೆ ಅಮ್ಮ, "ಎಣ್ಣೆ ರೇಟು ಏರಿದ್ರೆ ಯಾರಿಗೆ ಆರೋಗ್ಯ ಬರುತ್ತಂತೆ, ಕೇಳ್ಕೊಂಡು ಬಾ" ಅಂದ್ಳು. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಬೆಲೆ ಇದ್ದಲ್ಲೇ ಇದ್ರೆ ಏನು ಕಷ್ಟ? ಸೊನ್ನೆ ಅಂತ ಯಾಕೆ ಗುರಿ ಇಟ್ಟಿಲ್ಲ? ಇನ್ನೊಂದು, 2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಬರೀ 0.25 ಅಂತ ಪೇಪರ್‌ನಲ್ಲಿ ಬಂತು. ನಮ್ಮ ಓಣಿ ಹೋಟೆಲ್‌ನಲ್ಲಿ ಮಾತ್ರ ಇಡ್ಲಿ ರೇಟು ಒಂದು ರೂಪಾಯಿನೂ ಇಳಿಲಿಲ್ಲ. ಪೇಪರ್ ಸುಳ್ಳಾ, ಹೋಟೆಲ್‌ನವ್ರು ಕಳ್ಳರಾ?

ಶಕ್ತಿನಗರದ ಹುಡುಗ

ಸೊನ್ನೆನೇ ಸರಿ. ಉಳಿದದ್ದೆಲ್ಲ ಸರ್ಕಾರ ಜೇಬಿಗೆ ಕೈ ಹಾಕೋ ಉಪಾಯ. ದುಡ್ಡಿದ್ರೆ ಬಂಗಾರ ತಗೊಂಡು ಇಟ್ಕೊಳ್ಳಿ. ಹಟ್ಟಿ ಗಣಿ ನಮ್ಮ ಜಿಲ್ಲೆಯಲ್ಲೇ ಇದೆ, ಆದ್ರೂ ನಮಗೇನು ಗ್ರಾಂಗೆ ಹತ್ತು ರೂಪಾಯಿ ಕಡಿಮೆಗೆ ಕೊಡಲ್ಲ, ಆ ಮಾತು ಬೇರೆ.

ಗಂಗಾವತಿ ಗುಮಾಸ್ತ

ತಂಗಿ, ಪೇಪರ್ ಸುಳ್ಳಲ್ಲ, ಹೋಟೆಲ್‌ನವರು ಕಳ್ಳರೂ ಅಲ್ಲ. ಮೊದಲು ಇಡ್ಲಿ ಲೆಕ್ಕ ಮುಗಿಸೂಣು.

ಆ 0.25 ಅಂದ್ರ ಹಿಂದಿನ ವರ್ಷದ ಅಕ್ಟೋಬರ್‌ಗೆ ಹೋಲಿಸಿದ್ದು. 2024ರ ಅಕ್ಟೋಬರ್‌ನಾಗ ಹಣದುಬ್ಬರ 6.21 ಇತ್ತು, ಆಹಾರದ್ದೊಂದೇ 10.87. ಅಷ್ಟು ಎತ್ತರ ಹತ್ತಿದ ಕಾಯಿಪಲ್ಲೆ, ಬ್ಯಾಳಿ ಮರುವರ್ಷ ಇಳದ್ವು. ಆಹಾರದ ಲೆಕ್ಕ ಮೈನಸ್ 5ಕ್ಕೆ ಹೋತು. ಆಗಿನ ಬೆಲೆ ಸೂಚ್ಯಂಕದಾಗ ತಿನ್ನೋ ಕುಡಿಯೋ ಪದಾರ್ಥಗಳ ಪಾಲು ಸುಮಾರು 46 ಪರ್ಸೆಂಟ್ ಇತ್ತು, ಸೆಪ್ಟೆಂಬರ್ 22ಕ್ಕ ಜಿಎಸ್‌ಟಿ ಬ್ಯಾರೆ ಇಳಿಸಿದ್ರು. ಹಿಂಗಾಗಿ ಒಟ್ಟು ಸರಾಸರಿ ಸೊನ್ನಿ ಹತ್ರ ಬಂತು. ಹೋಟೆಲ್ ಬಾಡಿಗಿ ಇಳದಿಲ್ಲ, ಭಟ್ಟರ ಸಂಬಳ ಇಳದಿಲ್ಲ. ಇಡ್ಲಿ ಯಾಕ ಇಳೀಬೇಕು?

ಇನ್ನ ಸೊನ್ನಿ ಯಾಕ ಬ್ಯಾಡ ಅನ್ನೋದು. ನಾನು ರೈಸ್ ಮಿಲ್ಲಿನಾಗ ಗುಮಾಸ್ತ. ನಮ್ಮಲ್ಲಿ ಹಮಾಲಿ ರೇಟು, ವರ್ಷದಾಳಿನ ಸಂಬಳ ಎಲ್ಲಾ ಯುಗಾದಿ ಮುಂದ ಮಾತಾಗತಾವು. ಹಮಾಲರ ಮುಖ್ಯಸ್ಥ ಬಂದು ತೂಕದ ಕಾಟಾ ಬಾಜು ಕಟ್ಟಿ ಮ್ಯಾಲ ಕೂಡ್ತಾನ. ಚಹಾ ತರಿಸಿ ಮುಂದ ಇಟ್ರೂ ರೇಟು ಕಿವಿಗೆ ಬೀಳೋ ತನಕ ಕಪ್ ಮುಟ್ಟಂಗಿಲ್ಲ. ಆರಿ ಕೆನಿ ಕಟ್ಟಿದ ಮ್ಯಾಲ ಕುಡಿದದ್ದೂ ಐತಿ. ಮಾಲೀಕರು ಲುಕ್ಸಾನಿನ ಪುರಾಣ ಎಷ್ಟೇ ಹೇಳಲಿ, ಹೆಚ್ಚಂದ್ರ "ಹೋದ ವರ್ಷದ್ದೇ ಇರಲಿ" ಅಂತಾರ. "ಹೋದ ವರ್ಷಕ್ಕಿಂತ ಕಡಿಮಿ ತಗೋರಿ" ಅನ್ನೋ ಮಾತು ನಾನಂತೂ ಒಮ್ಮೆನೂ ಕೇಳಿಲ್ಲ. ಅಂದ್ರ ಅವತ್ತೇ ಗೇಟು ಬಂದ್. ಇದು ನಮ್ಮೂರಿನ ಹಟ ಅಲ್ಲ, ಅಮೆರಿಕದ ಕಾರ್ಖಾನಿಯಾಗೂ ಕೂಲಿ ಏರತೈತಿ, ನಿಲ್ಲತೈತಿ, ಇಳಿಯೋದು ಅಪರೂಪ.

ಈಗ ಅಕ್ಕಿ ಲೋಡ್ ಹೋಗದಂಥ ಕೆಟ್ಟ ವರ್ಷ ಬಂತು ಅನ್ರಿ. ಪ್ಯಾಟಿಯಾಗ ಎಲ್ಲಾ ಬೆಲೆ ನಾಲ್ಕು ಪರ್ಸೆಂಟ್ ಏರಾಕತ್ತಿದ್ರ, "ಹೋದ ವರ್ಷದ್ದೇ ಇರಲಿ" ಅಂದ ಕೂಡಲೇ ಕೂಲಿ ನಾಲ್ಕು ಪರ್ಸೆಂಟ್ ಇಳದಂಗ. ಯಾರೂ ಜಗಳ ಮಾಡಂಗಿಲ್ಲ. ಬೆಲೆ ನಿಂತಲ್ಲೇ ನಿಂತಿದ್ರ ಆ ಹಾದಿ ಇಲ್ಲ, ಇಬ್ಬರು ಮೂವರಿಗೆ "ನಾಳಿಂದ ಬರಬ್ಯಾಡ್ರಿ" ಅನ್ನಬೇಕು. ಸ್ವಲ್ಪ ಹಣದುಬ್ಬರ ಕೆಲಸ ಉಳಸತೈತಿ ಅಂತ ಸರ್ ಹೇಳೋದು ಇದಕ್ಕ. ಹಂಗಂತ ಇದನ್ನ ಪುಣ್ಯದ ಕೆಲಸ ಅಂತ ನಾನು ಅನ್ನಂಗಿಲ್ಲ. ಹಮಾಲನ ಜೇಬಿಂದ ಸದ್ದಿಲ್ಲದ ತಗದ ರೊಕ್ಕ ಅದು. ಆ ಅರ್ಧ ಮಾತು ಕ್ಲಾಸಿನಾಗ ಹೇಳಂಗಿಲ್ಲ.

ಬಡ್ಡಿದೂ ಒಂದು ಕಾರಣ ಐತಿ. ವ್ಯಾಪಾರ ಬಿದ್ದಾಗ ರಿಸರ್ವ್ ಬ್ಯಾಂಕಿನವರು ಬಡ್ಡಿ ಇಳಿಸ್ತಾರ. ಕೊರೋನಾ ವರ್ಷ, 2020ರ ಮೇ ತಿಂಗಳಾಗ ರೆಪೋ, ಅಂದ್ರ ಬ್ಯಾಂಕುಗಳಿಗೆ ತಾವು ಕೊಡೋ ಸಾಲದ ಬಡ್ಡಿ, 4ಕ್ಕ ತಂದ್ರು, ಬೆಲೆ ಏರಿಕಿ ಆಗ ಅದಕ್ಕಿಂತ ಮ್ಯಾಲಿತ್ತು. ಬೆಲೆನೇ ಏರದ ದೇಶದಾಗ ಬಡ್ಡಿ ಮೊದಲೇ ನೆಲ ಹಿಡಿದಿರತೈತಿ, ಇನ್ನ ಇಳಿಸೋದು ಎಲ್ಲಿಗೆ? ಜಪಾನು ಬೆಲೆ ಇಳಿಕಿಯೊಳಗ ವರ್ಷಾನುಗಟ್ಟಲೆ ಸಿಕ್ಕೊಂಡು, 2013ರ ಜನವರಿಯಾಗ ಎರಡು ಪರ್ಸೆಂಟ್ ಏರಿಕಿಯನ್ನ ಗುರಿ ಅಂತ ಇಟ್ಟುಕೊಂತು.

ನಮ್ಮ ನಾಲ್ಕು ಬಂದದ್ದು ಊರ್ಜಿತ್ ಪಟೇಲ್ ಸಮಿತಿಯ 2014ರ ವರದಿಯಿಂದ. 2016ರಾಗ ಕಾನೂನು ತಿದ್ದಿ ಗುರಿ ನಿಗದಿ ಮಾಡಿದ್ರು. ಸತತ ಮೂರು ತ್ರೈಮಾಸಿಕ ಎರಡು–ಆರರ ಗೆರಿ ದಾಟಿದ್ರ ರಿಸರ್ವ್ ಬ್ಯಾಂಕು ಸರ್ಕಾರಕ್ಕ ಕಾರಣ ಬರೆದು ಕೊಡಬೇಕು. 2022ರಾಗ ಕೊಟ್ಟಾರ ಕೂಡ, ನಮಗ್ಯಾರಿಗೂ ತೋರಿಸಲಿಲ್ಲ ಅಷ್ಟ. ನಾಲ್ಕೇ ಯಾಕ, ಮೂರೂವರೆ ಯಾಕಲ್ಲ ಅಂದ್ರ ಅದೇನು ದೈವವಾಣಿ ಅಲ್ಲ. ಮಳಿ ಕೈ ಕೊಟ್ರ ಉಳ್ಳಾಗಡ್ಡಿ ಕುಣಿಯೋ ದೇಶ, ಸ್ವಲ್ಪ ಸಡಿಲ ಬೇಕು.

ಲೀಜು ಹೊಲ, ಸಿಂಧನೂರು

ಗುಮಾಸ್ತರೇ, ಆ 0.25 ಯಾರ ಬೆವರಿನಾಗ ಬಂತು ಅನ್ನೋದೂ ಬರೀರಲ್ಲ. ನಮ್ಮ ಭತ್ತಕ್ಕ ನಾಲ್ಕು ಕಾಸು ಬರೋ ಹೊತ್ತಿಗಿ, 2023ರ ಜುಲೈದಾಗ, ಬೆಲೆ ಏರಿಕಿ ತಡೀತೀವಂತ ಬಿಳಿ ಅಕ್ಕಿ ರಫ್ತು ಬಂದ್ ಮಾಡಿದ್ರು. ತಗದದ್ದು ಮರುವರ್ಷ ಸೆಪ್ಟೆಂಬರ್‌ಕ್ಕ. ನಾವು ಮಾರೋದು ಏರಿದ್ರ ಹಣದುಬ್ಬರ, ಗೊಬ್ಬರ, ಡೀಸೆಲ್, ನಾಟಿ ಕೂಲಿ ಏರಿದ್ರ ಅದು ಮಾರ್ಕೆಟ್ಟು. 2025-26ಕ್ಕ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ಇತ್ತು, 75 ಕೆ.ಜಿ. ಚೀಲಕ್ಕ 1,776 ಚಿಲ್ಲರೆ ಆಗ್ತದ. ನನ್ನ ಕೈಗೆ ಅಷ್ಟು ಬರಲಿಲ್ಲ. ಆ ವರ್ಷ ಎರಡನೇ ಬೆಳಿಗಿ ನೀರೂ ಸಿಗಲಿಲ್ಲ, ತುಂಗಭದ್ರಾ ಡ್ಯಾಮಿನ ಗೇಟು ಬದಲು ಮಾಡ್ಬೇಕಂತ.

ಹಣದುಬ್ಬರ ಸಾಲಗಾರಗ ಲಾಭ ಅಂತಾರ. ನಾ ದಲಾಲಿ ಅಂಗಡ್ಯಾಗ ತಿಂಗಳಿಗಿ ನೂರಕ್ಕ ಎರಡರಂಗ ತಂದೀನಿ. ನನಗೆಲ್ಲದ ಲಾಭ?

ಗಂಗಾವತಿ ಗುಮಾಸ್ತ

ಅಣ್ಣಾರ, ರಫ್ತಿನ ಮಾತು ಖರೆ. ರಫ್ತು ಬಂದ್ ಮಾಡಿದ್ದು ರಿಸರ್ವ್ ಬ್ಯಾಂಕಲ್ಲ, ಕೇಂದ್ರ ಸರ್ಕಾರ. ಆದ್ರ ತಿನ್ನೋರ ಹಣದುಬ್ಬರ ಇಳಿಸಾಕ ಬೆಳೆಯೋರ ರೇಟಿಗೆ ಕೈ ಹಾಕೋದು ಅವರಿಗೆ ಎಲ್ಲಕ್ಕಿಂತ ಸಲೀಸು.

ಸಾಲದ ಲೆಕ್ಕ ಹಿಂಗ ನೋಡ್ರಿ. ಬೆಲೆ ಏರಿದಷ್ಟು ತೀರಿಸೋ ರೂಪಾಯಿಯ ಕಿಮ್ಮತ್ತು ಇಳೀತೈತಿ, ಸಾಲಗಾರಗ ಲಾಭ ಅನ್ನೋದು ಅದಕ್ಕ. ತಿಂಗಳಿಗೆ ಎರಡು ಅಂದ್ರ ವರ್ಷಕ್ಕ 24. ಬೆಲೆ ನಾಲ್ಕು ಏರಿದ್ರೂ ನಿಮ್ಮ ಮ್ಯಾಲ 20 ಕುಂತೇ ಇರತೈತಿ. ಸಹಕಾರಿ ಸಂಘದಾಗ ಸೊನ್ನಿ ಬಡ್ಡಿಗೆ ಬೆಳಿ ಸಾಲ ತಗೊಂಡವಗ ಮಾತ್ರ ಆ ನಾಲ್ಕೂ ಪೂರಾ ಲಾಭ. ಅದು ಸಿಗೋದು ಪಹಣಿ ಇದ್ದವರಿಗೆ. ಲೀಜು ಮಾಡೋರ ಹೆಸರು ಪಹಣಿಯಾಗ ಎಲ್ಲಿ ಬರಬೇಕು? ಮ್ಯಾಲ ಹೊಲದ ಮಾಲೀಕ ಲೀಜು ತಗೊಳ್ಳೋದು ಚೀಲದ ಲೆಕ್ಕದಾಗ, ರೊಕ್ಕದಾಗಲ್ಲ. ಭತ್ತ ಏರಿದ್ರ ಅವನ ಬಾಡಿಗಿನೂ ತಾನಾಗೇ ಏರತೈತಿ. ಎಂಬಿಎ ಓದಿದೋರು ಸೂಚ್ಯಂಕ, ಒಪ್ಪಂದ ಅಂತ ದೊಡ್ಡ ದೊಡ್ಡ ಮಾತಾಡ್ತಾರ, ನಮ್ಮ ಕಾರಟಗಿ ಗೌಡ್ರು ಕಟ್ಟಿ ಮ್ಯಾಲ ಕುಂತೇ ಮಾಡಿ ಮುಗಿಸ್ಯಾರ.

ಆದ್ರ ಸೊನ್ನಿಗಿಂತ ಕೆಳಗ ಹೋದ್ರ ನಿಮಗ ಏನಾಗತೈತಿ ಅನ್ನೋದನ್ನ ನಿಮ್ಮ ಖಾತೆನೇ ಹೇಳತೈತಿ. ಚೀಲ 2,000 ಇದ್ದಾಗ ತಂದ ಒಂದು ಲಕ್ಷ ಅಂದ್ರ 50 ಚೀಲ. ತೀರಿಸೋ ಹೊತ್ತಿಗೆ ಚೀಲ 1,600 ಆದ್ರ ಅಸಲಿಗೇ 62 ಚೀಲ ದಾಟತೈತಿ, ಬಡ್ಡಿ ಬ್ಯಾರೆ. ಸಾಲ ರೂಪಾಯಿಯಾಗ ನಿಂತಿರತೈತಿ, ಮಾಲು ಇಳೀತಿರತೈತಿ. 1929ರಿಂದ 33ರ ತನಕ ಅಮೆರಿಕದಾಗ ಬೆಲೆಗಳು ಕಾಲು ಭಾಗದಷ್ಟು ಬಿದ್ದಾಗ ಅಲ್ಲಿ ರೈತರ ಹೊಲ, ಸಣ್ಣ ಬ್ಯಾಂಕು ಮುಳುಗಿದ್ದು ಇದೇ ಲೆಕ್ಕಕ್ಕ. ಇರ್ವಿಂಗ್ ಫಿಶರ್ ಅನ್ನೋ ಅರ್ಥಶಾಸ್ತ್ರಜ್ಞ 1933ರಾಗ ಬರೆದದ್ದೂ ಇದನ್ನೇ. ಅದಕ್ಕ ಶಕ್ತಿನಗರದ ತಮ್ಮ ಹೇಳಿದ ಸೊನ್ನಿ ನನಗ ಹಿಡಿಸಂಗಿಲ್ಲ. ಒಂದು ಕೆಟ್ಟ ವರ್ಷ ಬಂದ್ರ ಸೊನ್ನಿಯಿಂದ ಕೆಳಗ ಜಾರಾಕ ಎಷ್ಟೊತ್ತು?

ನಾಲ್ಕು ಪರ್ಸೆಂಟಿನ ಖರೇ ಪೆಟ್ಟು ಬೀಳೋದು ತಿಂಗಳಿಗೆ ಇಷ್ಟೇ ರೂಪಾಯಿ ಅಂತ ಗೊತ್ತು ಮಾಡಿಟ್ಟ ರೊಕ್ಕ ತಗೊಳ್ಳೋರಿಗೆ. ನಾಲ್ಕರಂಗ ಏರಿದ್ರ 18 ವರ್ಷಕ್ಕ ಬೆಲೆ ಎರಡರಷ್ಟು. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಐತಿ. ವೃದ್ಧಾಪ್ಯ ವೇತನದಾಗ ಕೇಂದ್ರದ ಪಾಲು 80 ತುಂಬದವರಿಗೆ 2007ರಿಂದ ತಿಂಗಳಿಗೆ 200ರಾಗೇ ನಿಂತೈತಿ, ಅದರ ಕಿಮ್ಮತ್ತು ಈಗ ಮೂರನೇ ಒಂದು ಪಾಲೂ ಉಳದಿರಲಿಕ್ಕಿಲ್ಲ. ಗೃಹಲಕ್ಷ್ಮಿ 2023ರ ಆಗಸ್ಟ್‌ನಾಗ 2,000 ಅಂತ ಶುರುವಾತು. ಬೆಲೆ ನಾಲ್ಕರಂಗ ಏರಿದ್ರ ಮೂರು ವರ್ಷಕ್ಕ ಅದು 2,250 ಆಗಿದ್ರ ಮಾತ್ರ ಅಷ್ಟೇ ಸಾಮಾನು ಬರತೈತಿ. ಅನ್ನಭಾಗ್ಯದಾಗ ಐದು ಕೆ.ಜಿ. ಅಕ್ಕಿ ಬದಲು 170 ರೂಪಾಯಿ ಖಾತೆಗೆ ಹಾಕ್ತಿದ್ದಾಗ ನಮ್ಮ ಮನಿಯಾಕಿ "ರೊಕ್ಕ ಬ್ಯಾಡ, ಅಕ್ಕಿನೇ ಕೊಡ್ರಿ" ಅಂತಿದ್ಲು. ಅರ್ಥಶಾಸ್ತ್ರ ಆಕಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೊಲಿಗೆ ಲೆಕ್ಕ, ಬಳ್ಳಾರಿ

ಅಣ್ಣ, ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. "ಹಮಾಲರಾದ್ರೂ ಯುಗಾದಿಗೆ ಕೂತು ಮಾತಾಡ್ತಾರೆ, ನೀವು?" ಅಂದ್ಳು. ನಮ್ಮ ಯೂನಿಟ್‌ನಲ್ಲಿ ಹೊಲಿಯೋರಿಗೆ ಪೀಸ್ ರೇಟು. ಜಿಪ್ ಕೂರಿಸೋಕೆ, ಪಾಕೆಟ್ ಹೊಲಿಯೋಕೆ ಅಂತ ಬೇರೆ ಬೇರೆ. ರಿಜಿಸ್ಟರ್ ನನ್ನ ಹತ್ರಾನೇ ಇರುತ್ತೆ, ತೆಗೆದು ನೋಡಿದೆ. ಕೊರೋನಾ ಮುಂಚಿನ ರೇಟೇ ಇನ್ನೂ ನಡೀತಿದೆ. ಮಾಲೀಕರನ್ನ ಕೇಳೋಕೆ ಏನಾದ್ರೂ ಆಧಾರ ಇದೆಯಾ?

ಗಂಗಾವತಿ ಗುಮಾಸ್ತ

ಐತಿ ತಂಗಿ. ರಾಜ್ಯದ ಕನಿಷ್ಠ ವೇತನಕ್ಕ ತುಟ್ಟಿಭತ್ಯೆ ಜೋಡಿಸಿರತಾರ, ಬೆಲೆ ಸೂಚ್ಯಂಕ ನೋಡಿ ಪ್ರತಿ ವರ್ಷ ಏಪ್ರಿಲ್ 1ಕ್ಕ ಬದಲಾಗತೈತಿ. ಕಾರ್ಮಿಕ ಇಲಾಖೆ ಆಫೀಸಿನಾಗ ಪಟ್ಟಿ ಸಿಗತೈತಿ. ಪೀಸ್ ರೇಟಿನವರಿಗೂ ದಿನಪೂರ್ತಿ ದುಡಿದ್ರ ಆ ದಿನಗೂಲಿಗಿಂತ ಕಡಿಮಿ ಬೀಳಬಾರದು. ಒಬ್ಬಾಕಿ ದಿನಕ್ಕ ಎಷ್ಟು ಜಿಪ್ ಕೂರಿಸ್ತಾಳ ಅಂತ ನಿನ್ನ ರಿಜಿಸ್ಟರಿನಾಗೇ ಐತಿ, ರೇಟಿನಿಂದ ಗುಣಿಸಿ ಆ ಪಟ್ಟಿ ಬಾಜು ಇಡು. ಕೇಳಾಕ ಮಾತ್ರ ಒಬ್ಬಾಕಿನೇ ಹೋಗಬ್ಯಾಡ, ಹೊಲಿಯೋರನ್ನೆಲ್ಲ ಕರ್ಕೊಂಡು ಹೋಗು.